ಗುಟ್ಟು ಯಾರಿಂದ? ಕ್ರಿಪ್ಟೋ ಮಿಕ್ಸರ್‌ಗಳ ಬಗ್ಗೆ ವಿಜಯಪುರದಲ್ಲಿ ಆಡಿದ ಮಾತು

ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ ಬಿಸಿಎ, ಬಿಕಾಂ ಓದುವವರ ಮುಂದೆ ಆಡಿದ ಮಾತು ಇದು. ಊರಿನ ಕೆಲವು ಅಂಗಡಿಯವರು, ಮಣೂಕದ (ಒಣದ್ರಾಕ್ಷಿಯ) ವ್ಯಾಪಾರಿಗಳೂ ಬಂದು ಕೂತಿದ್ದರು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ವಿಸ್ತರಿಸಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಕ್ರಿಪ್ಟೋ ಮಿಕ್ಸರ್ ಬಗ್ಗೆ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣವನ್ನು ಹಲವರದ್ದು ಒಟ್ಟಿಗೆ ಕಲಸಿ ಯಾರದ್ದು ಯಾವುದು ಅಂತ ಗೊತ್ತಾಗದ ಹಾಗೆ ಮಾಡುವ ವ್ಯವಸ್ಥೆ. ಬಿಟ್‌ಕಾಯಿನ್ ಅಂದರೆ ಗುಟ್ಟಿನ ಹಣ ಅಂತ ಬಹಳ ಜನ ನಂಬಿದ್ದಾರೆ. ನಿಜ ಸಂಗತಿ ಪೂರ್ತಿ ಉಲ್ಟಾ. 2009ರ ಜನವರಿಯಲ್ಲಿ ಅದು ಶುರುವಾದ ದಿನದಿಂದ ಇವತ್ತಿನವರೆಗೆ ಅದರ ಮೇಲೆ ನಡೆದ ಪ್ರತಿಯೊಂದು ಕೊಡು-ಕೊಳ್ಳುವಿಕೆ ಒಂದೇ ಲೆಕ್ಕದ ಪುಸ್ತಕದಲ್ಲಿದೆ, ಆ ಪುಸ್ತಕವನ್ನು ನೀವು, ನಾನು, ಪೊಲೀಸರು, ಕಳ್ಳರು, ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಅದರಲ್ಲಿ ಹೆಸರಿರುವುದಿಲ್ಲ ಅಷ್ಟೇ. ಹೆಸರಿನ ಜಾಗದಲ್ಲಿ ಅಕ್ಷರ, ಅಂಕಿ ಸೇರಿದ ಒಂದು ಉದ್ದನೆಯ ವಿಳಾಸ ಇರುತ್ತದೆ. ಆ ವಿಳಾಸ ಯಾರದ್ದು ಅಂತ ಒಮ್ಮೆ ಗೊತ್ತಾದರೆ ಮುಗೀತು. ಆಮೇಲಿನ ವ್ಯವಹಾರ ಮಾತ್ರ ಅಲ್ಲ, ಹಿಂದಿನದ್ದೂ ಬಯಲು.

ಒಂದು ಉದಾಹರಣೆ ತಗೊಳ್ಳೋಣ. ನಮ್ಮೂರಲ್ಲೇ ಮನೆಯಲ್ಲಿ ಕೂತು ಹೊರದೇಶದವರಿಗೆ ಲೋಗೋ ಮಾಡಿಕೊಡುವ ಹುಡುಗಿಯೊಬ್ಬಳು ಇದ್ದಾಳೆ ಅಂದುಕೊಳ್ಳಿ. ಗಿರಾಕಿ ಯುಎಸ್‌ಡಿಟಿಯಲ್ಲಿ ಹಣ ಕೊಡುತ್ತೇನೆ ಅನ್ನುತ್ತಾನೆ. ಯುಎಸ್‌ಡಿಟಿ ಅಂದರೆ ಡಾಲರಿನ ಬೆಲೆಗೆ ಕಟ್ಟಿಹಾಕಿದ ಕ್ರಿಪ್ಟೋ, ಟೆದರ್ ಕಂಪನಿಯದ್ದು. ಇವಳು ಬಿಲ್ಲಿನ ಕೆಳಗೆ ತನ್ನ ಟ್ರಾನ್ ವಿಳಾಸ ಹಾಕುತ್ತಾಳೆ. ಟ್ರಾನ್ ಅಂದರೆ ಯುಎಸ್‌ಡಿಟಿ ಓಡಾಡುವ ಒಂದು ಜಾಲ, ಅದಕ್ಕೂ ಬಿಟ್‌ಕಾಯಿನ್‌ನ ಹಾಗೆ ತೆರೆದ ಲೆಕ್ಕದ ಪುಸ್ತಕ ಇದೆ. ಗಿರಾಕಿ 200 ಕಳಿಸುತ್ತಾನೆ. ಅವನು ಅದೇ ವಿಳಾಸವನ್ನು ಆ ಪುಸ್ತಕ ತೋರಿಸುವ ಟ್ರಾನ್‌ಸ್ಕ್ಯಾನ್ ಸೈಟಿನಲ್ಲಿ ಹಾಕಿ ನೋಡಿದರೆ ಏನೇನು ಕಾಣುತ್ತದೆ ಗೊತ್ತಾ? ಹೋದ ತಿಂಗಳು ಬೇರೆ ಗಿರಾಕಿ 120 ಮಾತ್ರ ಕೊಟ್ಟಿದ್ದು ಕಾಣುತ್ತದೆ. ಅವಳ ಹತ್ತಿರ ಈಗ ಎಷ್ಟು ಉಳಿದಿದೆ, ಯಾವ ವಾರ ಒಂದು ಪೈಸೆಯೂ ಬಂದಿಲ್ಲ, ಬಂದ ಹಣ ಯಾವ ಎಕ್ಸ್‌ಚೇಂಜಿಗೆ (ಕ್ರಿಪ್ಟೋ ಕೊಂಡು ಮಾರುವ ಕಂಪನಿಗೆ) ಹೋಯಿತು, ಎಲ್ಲ ಕಾಣುತ್ತದೆ. ಮುಂದಿನ ಸಲ ಅವನು ದರಕ್ಕೆ ಚೌಕಾಸಿ ಮಾಡುವಾಗ ಅವಳ ಪಾಸ್‌ಬುಕ್ ಅವನ ಕೈಯಲ್ಲಿರುತ್ತದೆ. ಅವಳೇನು ಕಳ್ಳತನ ಮಾಡಿದ್ದಾಳಾ? ಇಲ್ಲ. ಆದರೂ ಅವಳಿಗೆ ಗುಟ್ಟು ಬೇಕು.

ಇಲ್ಲಿ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ಕೇಳಿದರು: "ಹಂಗಾದ್ರ ಬ್ಯಾಂಕೇ ಚೊಲೋ ಅಲ್ರೀ ಸರ?"

ಈ ಒಂದು ವಿಷಯದಲ್ಲಿ ಹೌದು ಕಾಕಾ, ಬ್ಯಾಂಕೇ ಚೊಲೋ. ನೀವು ಫೋನ್‌ಪೇ ಮಾಡಿದರೆ ಬ್ಯಾಂಕಿಗೆ ಗೊತ್ತು, ಆ್ಯಪ್ ಕಂಪನಿಗೆ ಗೊತ್ತು, ಕೇಳಿದರೆ ತೆರಿಗೆಯವರಿಗೂ ಗೊತ್ತಾಗುತ್ತದೆ. ಆದರೆ ಪಕ್ಕದ ಅಂಗಡಿಯವನಿಗೆ ನಿಮ್ಮ ಖಾತೆಯಲ್ಲಿ ಎಷ್ಟಿದೆ ಅಂತ ಕಾಣುವುದಿಲ್ಲ. ಬ್ಲಾಕ್‌ಚೈನ್‌ನಲ್ಲಿ, ಅಂದರೆ ಆಗ ಹೇಳಿದ ಎಲ್ಲರಿಗೂ ತೆರೆದ ಲೆಕ್ಕದ ಪುಸ್ತಕದಲ್ಲಿ, ಕಾಣುತ್ತದೆ. ಅದಕ್ಕೇ ನಾನು ಈ ವಿಷಯದಲ್ಲಿ ಯಾವಾಗಲೂ ಕೇಳುವುದು ಒಂದೇ ಪ್ರಶ್ನೆ: ಗುಟ್ಟು ಯಾರಿಂದ? ಸರ್ಕಾರಕ್ಕೆ ಲೆಕ್ಕ ಕೊಡುವುದು ಬೇರೆ, ಇಡೀ ಓಣಿಗೆ ಪಾಸ್‌ಬುಕ್ ತೋರಿಸುವುದು ಬೇರೆ. ಎರಡನ್ನೂ ಒಂದೇ ಅಂತ ಕಲಸಿಬಿಟ್ಟರೆ ಮಿಕ್ಸರ್ ಬಗ್ಗೆ ಏನೂ ಸರಿಯಾಗಿ ಅರ್ಥ ಆಗುವುದಿಲ್ಲ.

ಓಣಿಗೆ ತೋರಿಸಿದರೆ ಏನಾಗುತ್ತದೆ ಅನ್ನುವವರಿಗೆ ಒಂದು ಸುದ್ದಿ. ಕ್ರಿಪ್ಟೋ ಹಣ ಖರ್ಚು ಮಾಡಲು ಬೇಕಾದ ಗುಟ್ಟಿನ ಕೀಲಿ ಇಡುವ ಸಾಧನ ಮಾರುವ ಲೆಡ್ಜರ್ ಅನ್ನುವ ಫ್ರಾನ್ಸ್ ಕಂಪನಿಯ ಗಿರಾಕಿಗಳ ಮಾಹಿತಿ 2020ರಲ್ಲಿ ಸೋರಿಹೋಯಿತು. ಲಕ್ಷಗಟ್ಟಲೆ ಜನರ ಮನೆ ವಿಳಾಸ, ಫೋನ್ ನಂಬರ್ ಹೊರಬಿದ್ದವು. ಅವರಿಗೆ ಬೆದರಿಕೆ ಕರೆಗಳು ಶುರುವಾದವು. 2025ರ ಜನವರಿಯಲ್ಲಿ ಅದೇ ಕಂಪನಿಯ ಸಹಸ್ಥಾಪಕರಲ್ಲಿ ಒಬ್ಬರನ್ನು ಮನೆಯಿಂದ ಅಪಹರಿಸಿ, ಬೆರಳು ಕತ್ತರಿಸಿ, ಕ್ರಿಪ್ಟೋದಲ್ಲೇ ಹಣ ಕೇಳಿದರು. ಯಾರ ಹತ್ತಿರ ಎಷ್ಟಿದೆ ಅನ್ನುವುದು ಬೀದಿಗೆ ಬಿದ್ದರೆ ಅಪಾಯ ಮನೆ ಬಾಗಿಲಿಗೇ ಬರುತ್ತದೆ.

ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದ ಕನ್ನಡಿಗ ಅವರು. ಈ ಹೆಸರು ನಮ್ಮ ಹುಡುಗರಿಗೆ ಗೊತ್ತಿರಬೇಕು, ಅದಕ್ಕೇ ಹೇಳಿದೆ.

ಇನ್ನು ಜಾಡು ಹಿಡಿಯುವುದು ಹೇಗೆ ಅಂತ ನೋಡೋಣ. ಬಿಟ್‌ಕಾಯಿನ್‌ನಲ್ಲಿ ಹಣ ನೋಟಿನ ಹಾಗೆ ಬಿಡಿಬಿಡಿಯಾಗಿ ಇರುತ್ತದೆ. ನಿಮ್ಮ ಹತ್ತಿರ 0.5ರ ಒಂದು ತುಂಡು ಇದೆ, ನೀವು 0.03 ಕೊಡಬೇಕು. ಇಡೀ 0.5 ಖರ್ಚಾಗುತ್ತದೆ. 0.03 ಅಂಗಡಿಯವನಿಗೆ, ಒಂಚೂರು ಶುಲ್ಕ ವ್ಯವಹಾರವನ್ನು ಪುಸ್ತಕಕ್ಕೆ ಸೇರಿಸುವ ಮೈನರ್‌ಗಳಿಗೆ, ಉಳಿದ ಸುಮಾರು 0.47 ಚಿಲ್ಲರೆಯಾಗಿ ನಿಮ್ಮದೇ ಇನ್ನೊಂದು ವಿಳಾಸಕ್ಕೆ ವಾಪಸ್. ನೋಡುವವನಿಗೆ ಎರಡು ವಿಳಾಸ ಕಾಣುತ್ತವೆ. ಯಾವುದು ಅಂಗಡಿ, ಯಾವುದು ಚಿಲ್ಲರೆ? ಊಹಿಸುವುದು ಕಷ್ಟವೇನಲ್ಲ. ಇನ್ನೊಂದು ಸುಳಿವು ಇದಕ್ಕಿಂತ ಗಟ್ಟಿ. ಒಂದೇ ಪಾವತಿಗೆ ಮೂರು ವಿಳಾಸಗಳಿಂದ ತುಂಡು ಸೇರಿಸಿ ಕೊಟ್ಟರೆ ಆ ಮೂರರ ಕೀಲಿಯೂ ಒಬ್ಬನ ಹತ್ತಿರವೇ ಇದೆ ಅಂತ ಸಾಮಾನ್ಯವಾಗಿ ಹಿಡಿಯಬಹುದು. ಈ ಎರಡೇ ಸುಳಿವು ಹಿಡಿದು ಲಕ್ಷಾಂತರ ವಿಳಾಸಗಳನ್ನು ಗುಂಪು ಮಾಡಬಹುದು ಅಂತ 2013ರಲ್ಲಿ ಸಾರಾ ಮೈಕಲ್‌ಜಾನ್ ಮತ್ತು ಅವರ ಸಂಗಡಿಗ ಸಂಶೋಧಕರು ತೋರಿಸಿದರು. ಗುಂಪಿಗೆ ಹೆಸರು ಹಚ್ಚಲು ಅವರು ತಾವೇ ಹೋಗಿ ಬೇರೆ ಬೇರೆ ಎಕ್ಸ್‌ಚೇಂಜು, ಅಂಗಡಿಗಳಲ್ಲಿ ಸಣ್ಣಪುಟ್ಟ ವ್ಯವಹಾರ ಮಾಡಿದರು. ನಾನು ಹಣ ಕೊಟ್ಟ ವಿಳಾಸ ಇಂಥ ಅಂಗಡಿಯದ್ದು ಅಂತ ನನಗೆ ಗೊತ್ತು, ಹಾಗಾದರೆ ಆ ಇಡೀ ಗುಂಪು ಆ ಅಂಗಡಿಯದ್ದು. ಎಷ್ಟು ಸರಳ ಅಲ್ವಾ? ಇವತ್ತು ಚೈನಾಲಿಸಿಸ್‌ನಂಥ ಕಂಪನಿಗಳು ಪೊಲೀಸರಿಗೆ, ಎಕ್ಸ್‌ಚೇಂಜುಗಳಿಗೆ ಇದೇ ಕೆಲಸ ಮಾಡಿಕೊಟ್ಟು ಬದುಕುತ್ತಿವೆ.

ಈ ಜಾಡು ತಪ್ಪಿಸಲು ಹುಟ್ಟಿದ್ದೇ ಮಿಕ್ಸರ್. ವಿಚಾರ ಹಳೆಯದು. 1981ರಲ್ಲೇ ಸಂಶೋಧಕ ಡೇವಿಡ್ ಚೌಮ್ ಈಮೇಲ್‌ಗಳನ್ನು ಒಟ್ಟುಗೂಡಿಸಿ, ಕಲಸಿ ಕಳಿಸಿದರೆ ಯಾರು ಯಾರಿಗೆ ಬರೆದರು ಅನ್ನುವುದು ತಿಳಿಯದು ಅಂತ ಬರೆದಿದ್ದರು. ಹಣಕ್ಕೆ ಬಂದಾಗ ಮೊದಲು ಬಂದದ್ದು ಒಬ್ಬ ಮಧ್ಯವರ್ತಿ ನಡೆಸುವ ಮಿಕ್ಸರ್. ನೀವು ಅವನಿಗೆ ಹಣ ಕಳಿಸಿ, ಅವನು ಕಮಿಷನ್ ಹಿಡಿದು, ತಡಮಾಡಿ, ಬೇರೆಯವರ ಹಣದಿಂದ ನಿಮ್ಮ ಹೊಸ ವಿಳಾಸಕ್ಕೆ ಕೊಡುತ್ತಾನೆ. ಇದರಲ್ಲಿ ಎರಡು ತೊಂದರೆ. ಅವನು ಹಣ ಎತ್ತಿಕೊಂಡು ಓಡಬಹುದು, ನೀವು ಯಾರಿಗೆ ದೂರು ಕೊಡುತ್ತೀರಿ? ಮತ್ತೆ, ಯಾವ ಹಣ ಯಾರದ್ದು ಅಂತ ಅವನಿಗೆ ಎಲ್ಲಾ ಗೊತ್ತು. ಇಡೀ ಜಗತ್ತಿನಿಂದ ಮುಚ್ಚಿಡಲು ಹೋಗಿ ಒಬ್ಬ ಅಪರಿಚಿತನ ಕೈಗೆ ಪೂರ್ತಿ ಲೆಕ್ಕ ಕೊಟ್ಟ ಹಾಗಾಯಿತು. ಅವನ ಸರ್ವರ್ ಪೊಲೀಸರ ಕೈಗೆ ಸಿಕ್ಕ ದಿನ ನಿಮ್ಮದೂ ಸಿಕ್ಕಿತು. ಬೆಸ್ಟ್‌ಮಿಕ್ಸರ್ 2019ರ ಮೇನಲ್ಲಿ ಹಾಗೇ ಮುಚ್ಚಿತು, ಚಿಪ್‌ಮಿಕ್ಸರ್ 2023ರ ಮಾರ್ಚ್‌ನಲ್ಲಿ.

ಬಿಟ್‌ಕಾಯಿನ್ ಫಾಗ್ ಕಥೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. 2011ರಿಂದ 2021ರವರೆಗೆ ನಡೆದ ಮಿಕ್ಸರ್ ಅದು. ಅಮೆರಿಕದ ಸರ್ಕಾರದ ಲೆಕ್ಕದಲ್ಲಿ 12 ಲಕ್ಷಕ್ಕೂ ಜಾಸ್ತಿ ಬಿಟ್‌ಕಾಯಿನ್ ಅದರ ಮೂಲಕ ಹರಿದಿದೆ, ಅಂತರ್ಜಾಲದ ಗುಪ್ತ ಭಾಗವಾದ ಡಾರ್ಕ್‌ನೆಟ್‌ನಲ್ಲಿ ಡ್ರಗ್ಸ್ ಮಾರುವ ಅಂಗಡಿಗಳ ಹಣ ಅದರಲ್ಲಿ ಬಹಳ. ರೋಮನ್ ಸ್ಟರ್ಲಿಂಗೋವ್ ಅನ್ನುವವನನ್ನು 2021ರ ಏಪ್ರಿಲ್‌ನಲ್ಲಿ ಹಿಡಿದರು. ಹಿಡಿದದ್ದು ಹೇಗೆ? 2011ರಲ್ಲಿ ಆ ಸೈಟಿನ ವೆಬ್ ವಿಳಾಸಕ್ಕೆ ಕಟ್ಟಿದ ದುಡ್ಡಿನ ಜಾಡು ಹಿಡಿದು. ಹತ್ತು ವರ್ಷ ಹಿಂದಿನ ಸಣ್ಣ ಪಾವತಿ ಅದು! ಅದು ನಾನಲ್ಲ ಅಂತ ಅವನು ವಾದಿಸಿದ, ಜ್ಯೂರಿ ಒಪ್ಪಲಿಲ್ಲ, 2024ರ ನವೆಂಬರ್‌ನಲ್ಲಿ 12 ವರ್ಷ 6 ತಿಂಗಳ ಶಿಕ್ಷೆ ಆಯಿತು. ಬ್ಲಾಕ್‌ಚೈನ್ ಮರೆಯುವುದಿಲ್ಲ, ಇವತ್ತು ಬಿಡಿಸಲಾಗದ ಗಂಟನ್ನು ನಾಳೆ ಬರುವ ಹೊಸ ಉಪಾಯ ಬಿಡಿಸಬಹುದು, ಆಗ ನೀವು ಹಿಂದೆ ಹೋಗಿ ಏನನ್ನೂ ಅಳಿಸಲಾರಿರಿ. ಇದನ್ನು ದಯವಿಟ್ಟು ನೆನಪಿಡಿ.

ಮಧ್ಯವರ್ತಿ ಬೇಡ ಅಂತ 2013ರಲ್ಲಿ ಬಿಟ್‌ಕಾಯಿನ್ ಡೆವಲಪರ್ ಗ್ರೆಗರಿ ಮ್ಯಾಕ್ಸ್‌ವೆಲ್ ಕಾಯಿನ್‌ಜಾಯಿನ್ ಅನ್ನುವ ದಾರಿ ಸೂಚಿಸಿದರು. ಹತ್ತು ಜನ ಸೇರಿ ಒಂದೇ ವ್ಯವಹಾರ ಮಾಡುತ್ತಾರೆ, ಹತ್ತೂ ಜನ ಸಮ ಮೊತ್ತ ಹಾಕಿ ಸಮ ಮೊತ್ತ ತೆಗೆಯುತ್ತಾರೆ, ಯಾರ ಹಣವೂ ಇನ್ನೊಬ್ಬರ ಕೈಗೆ ಹೋಗುವುದಿಲ್ಲ. ಹತ್ತೂ ಜನರ ಸಹಿ ಬೀಳದೆ ವ್ಯವಹಾರ ಆಗುವುದೇ ಇಲ್ಲ. ವಾಸಾಬಿ, ಸಮುರಾಯ್ ಅನ್ನುವ ವಾಲೆಟ್‌ಗಳು (ಕ್ರಿಪ್ಟೋ ಇಡುವ ಆ್ಯಪ್‌ಗಳು) ಇದನ್ನು ಜನರ ಕೈಗೆ ತಂದವು. ಆದರೆ ಬಳಸುವವರೇ ಇದನ್ನು ಕೆಡಿಸಿಕೊಳ್ಳುವುದು ಜಾಸ್ತಿ. ಕಲಸಿದ ತುಂಡುಗಳನ್ನೆಲ್ಲ ಮರುದಿನ ಒಂದೇ ಪಾವತಿಯಲ್ಲಿ ಸೇರಿಸಿ ಕೊಟ್ಟರೆ ಮೊದಲು ಹೇಳಿದ ಮೂರು ವಿಳಾಸದ ಸುಳಿವು ಮತ್ತೆ ಬಂತು.

ಈಗ ಟೊರ್ನೇಡೋ ಕ್ಯಾಶ್. ಇದೂ ಒಂದು ಮಿಕ್ಸರ್, ಇಥೀರಿಯಂ ಅನ್ನುವ ಇನ್ನೊಂದು ಬ್ಲಾಕ್‌ಚೈನ್ ಮೇಲೆ 2019ರಲ್ಲಿ ಬಂತು. ಇಥೀರಿಯಂನ ನಾಣ್ಯದ ಹೆಸರು ಈಥರ್. ಇದನ್ನು ನಮ್ಮ ತಿಕೋಟಾ ಕಡೆಯವರಿಗೆ ಗೊತ್ತಾಗುವ ಹಾಗೆ ಹೇಳುತ್ತೇನೆ. ಒಂದು ಕೋಲ್ಡ್ ಸ್ಟೋರೇಜ್ ಇದೆ. ಅಲ್ಲಿ ಒಂದೇ ಅಳತೆಯ, ಒಂದೇ ಗ್ರೇಡಿನ ಮಣೂಕದ ಬಾಕ್ಸ್ ಮಾತ್ರ ತಗೊಳ್ಳುತ್ತಾರೆ, ಬಾಕ್ಸಿನ ಮೇಲೆ ಹೆಸರು ಬರೆಯುವಂತಿಲ್ಲ. ಇಡುವಾಗ ನೀವು ನಿಮಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಅಂಕಿಯನ್ನು ಬೀಗ ಹಾಕಿದ ಲಕೋಟೆಯಲ್ಲಿಟ್ಟು ಗೋಡೆಗೆ ತೂಗುಹಾಕುತ್ತೀರಿ. ಮೂರು ತಿಂಗಳ ಮೇಲೆ ಯಾರೋ ಒಬ್ಬ ಬರುತ್ತಾನೆ. ಈ ಗೋಡೆಯ ಮೇಲಿನ ಯಾವುದೋ ಒಂದು ಲಕೋಟೆಯೊಳಗಿನ ಅಂಕಿ ನನಗೆ ಗೊತ್ತು, ಆ ಲೆಕ್ಕದಲ್ಲಿ ನಾನು ಇದುವರೆಗೆ ಬಾಕ್ಸ್ ಒಯ್ದಿಲ್ಲ, ಇವೆರಡನ್ನೂ ಸಾಬೀತು ಮಾಡುತ್ತಾನೆ. ಯಾವ ಲಕೋಟೆ ಅಂತ ಮಾತ್ರ ಬಿಟ್ಟುಕೊಡುವುದಿಲ್ಲ. ಹೀಗೆ ಸಾಬೀತು ಮಾಡುವ ಗಣಿತಕ್ಕೆ ಝೀರೋ ನಾಲೆಜ್ ಪ್ರೂಫ್ ಅನ್ನುತ್ತಾರೆ, 1985ರಲ್ಲಿ ಗೋಲ್ಡ್‌ವಾಸರ್, ಮಿಕಾಲಿ, ರಾಕಾಫ್ ಹುಟ್ಟುಹಾಕಿದ್ದು. ಟೊರ್ನೇಡೋದಲ್ಲಿ ಬಾಕ್ಸ್ ಅಂದರೆ 0.1, 1, 10, ಅಥವಾ 100 ಈಥರ್. ಸ್ಟೋರೇಜಿನ ಮಾಲೀಕ ಯಾರೂ ಇಲ್ಲ, ಒಮ್ಮೆ ಹಾಕಿಬಿಟ್ಟ ಪ್ರೋಗ್ರಾಮ್. 2020ರ ಮೇ ನಂತರ ಅದನ್ನು ಬರೆದವರೂ ಬದಲಿಸಲಾರದ ಹಾಗೆ ಆಯಿತು.

ಎರಡನೆಯ ಸಾಲಿನ ಹುಡುಗ ಇಲ್ಲಿ ಕೇಳಿದ: "ಸರ್, ಹಂಗಾದ್ರ ಇದನ್ನ ಹಿಡಿಯಾಕ ಆಗೂದೇ ಇಲ್ಲೇನ್ರೀ?"

ಗಣಿತ ಒಡೆಯುವುದಿಲ್ಲಪ್ಪ, ಮನುಷ್ಯನ ನಡವಳಿಕೆ ಒಡೆಯುತ್ತದೆ. ಬೆಳಿಗ್ಗೆ ಒಬ್ಬ 7 ಬಾಕ್ಸ್ ಇಟ್ಟ, ಸಂಜೆ ಇನ್ನೊಬ್ಬ 7 ಬಾಕ್ಸ್ ತೆಗೆದ. ಅನುಮಾನ ಬರುವುದಿಲ್ವಾ? ಸ್ಟೋರೇಜಿನಲ್ಲಿ ಇಟ್ಟವರೇ ಮೂರು ಜನ ಇದ್ದರೆ ಗುಟ್ಟು ಎಲ್ಲಿಯದು? ನೀವು ಎಷ್ಟು ಜನರ ನಡುವೆ ಇದ್ದೀರಿ ಅನ್ನುವುದೇ ನಿಮ್ಮ ಗುಟ್ಟಿನ ಅಳತೆ. ಇನ್ನೊಂದು ತೊಡಕು ಗ್ಯಾಸ್, ಅಂದರೆ ವ್ಯವಹಾರದ ಶುಲ್ಕ. ಹೊಸ ವಿಳಾಸದಲ್ಲಿ ಶುಲ್ಕಕ್ಕೆ ಈಥರ್ ಇರುವುದಿಲ್ಲ. ಹಳೆಯ ವಿಳಾಸದಿಂದ ಒಂಚೂರು ಕಳಿಸಿದಿರೋ, ಅಲ್ಲಿಗೆ ಎರಡೂ ಜೋಡಿಯಾದವು. ಅದಕ್ಕೇ ಶುಲ್ಕ ತಾವು ಕಟ್ಟಿ ಕಮಿಷನ್ ಹಿಡಿಯುವ ರಿಲೇಯರ್‌ಗಳು ಹುಟ್ಟಿಕೊಂಡರು.

ಈಗ ಕಹಿ ಭಾಗಕ್ಕೆ ಬರೋಣ, ಇದನ್ನು ಮುಚ್ಚಿಟ್ಟು ಮಾತಾಡುವುದು ತಪ್ಪಾಗುತ್ತದೆ. 2022ರ ಮಾರ್ಚ್‌ನಲ್ಲಿ ರೋನಿನ್ ಅನ್ನುವ ಜಾಲದಿಂದ 60 ಕೋಟಿ ಡಾಲರಿಗೂ ಹೆಚ್ಚು ಹಣ ಕದ್ದ ಉತ್ತರ ಕೊರಿಯಾದ ಲಜಾರಸ್ ಗುಂಪು ಅದರಲ್ಲಿ ದೊಡ್ಡ ಪಾಲನ್ನು ಟೊರ್ನೇಡೋ ಮೂಲಕವೇ ಹಾಯಿಸಿತು. ನಮ್ಮ ಹತ್ತಿರದ್ದು ಬೇಕಾ? 2024ರ ಜುಲೈ 18ರಂದು ಭಾರತದ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಹೋಯಿತು, ನಮ್ಮ ರೂಪಾಯಿಯಲ್ಲಿ ಹತ್ತಿರ ಹತ್ತಿರ 2000 ಕೋಟಿ. ಕದ್ದ ಹಣ ಟೊರ್ನೇಡೋದೊಳಗೆ ಕಂತು ಕಂತಾಗಿ ಹೋಗುವುದನ್ನು ಜಗತ್ತೇ ನೋಡುತ್ತಾ ಕೂತಿತ್ತು. ಈ ಕಳ್ಳತನದ ಹಿಂದೆ ಉತ್ತರ ಕೊರಿಯಾ ಇದೆ ಅಂತ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಹೇಳಿದವು. ಇಲ್ಲಿಯ ಸಾಮಾನ್ಯ ಹುಡುಗರು, ಪಗಾರದಲ್ಲಿ ಉಳಿಸಿ ಹಾಕಿದವರು, ವರ್ಷಕ್ಕೂ ಜಾಸ್ತಿ ತಮ್ಮ ಹಣ ಮುಟ್ಟಲಾಗದೆ ಕಾದರು. ಅವರ ಮುಂದೆ ನಿಂತು ಮಿಕ್ಸರ್ ಒಳ್ಳೆಯದು ಅಂತ ಸುಮ್ನೆ ಹೇಳಿಬಿಡಲು ನನಗೆ ಬಾಯಿ ಬರುವುದಿಲ್ಲ.

ಅಮೆರಿಕ ಏನು ಮಾಡಿತು? 2022ರ ಆಗಸ್ಟ್ 8ರಂದು ಟೊರ್ನೇಡೋವನ್ನೇ ನಿರ್ಬಂಧದ ಪಟ್ಟಿಗೆ ಸೇರಿಸಿತು, ಅಂದರೆ ಅಮೆರಿಕದವರು ಅದರ ಜೊತೆ ವ್ಯವಹಾರ ಮಾಡುವಂತಿಲ್ಲ. ಮನುಷ್ಯನನ್ನಲ್ಲ, ಕಂಪನಿಯನ್ನೂ ಅಲ್ಲ, ಓಡುತ್ತಿರುವ ಪ್ರೋಗ್ರಾಮಿನ ವಿಳಾಸಗಳನ್ನು. ಕೋಡ್ ಹಂಚಿಕೊಳ್ಳುವ ಸೈಟಾದ ಗಿಟ್‌ಹಬ್ ಅದರ ಕೋಡ್ ತೆಗೆದುಹಾಕಿತು. ಆಗ ಯಾರೋ ಒಬ್ಬರು ಟೊರ್ನೇಡೋದಿಂದ 0.1 ಈಥರ್‌ನಂತೆ ಹೆಸರುವಾಸಿ ಜನರ ವಿಳಾಸಗಳಿಗೆಲ್ಲ ಕಳಿಸಿದರು. ಟಿವಿ ನಿರೂಪಕ ಜಿಮ್ಮಿ ಫ್ಯಾಲನ್, ಅಮೆರಿಕದ ಎಕ್ಸ್‌ಚೇಂಜ್ ಕಾಯಿನ್‌ಬೇಸ್‌ನ ಮುಖ್ಯಸ್ಥ ಬ್ರಯಾನ್ ಆರ್ಮ್‌ಸ್ಟ್ರಾಂಗ್ ಅವರಿಗೂ ಬಂತು. ಬರುವ ಹಣವನ್ನು ಬೇಡ ಅನ್ನುವ ದಾರಿ ಬ್ಲಾಕ್‌ಚೈನ್‌ನಲ್ಲಿ ಇಲ್ಲ, ಹಾಗಾಗಿ ಕಾಗದದ ಲೆಕ್ಕದಲ್ಲಿ ಅವರೆಲ್ಲ ನಿರ್ಬಂಧಿತ ಹಣ ಪಡೆದವರೇ ಆದರು. ಇದೇ ಹೊತ್ತಿಗೆ ಇಥೀರಿಯಂನ ಸಹಸ್ಥಾಪಕ ವಿಟಾಲಿಕ್ ಬುಟೆರಿನ್, ಯುಕ್ರೇನ್‌ಗೆ ದೇಣಿಗೆ ಕೊಡಲು ನಾನೇ ಟೊರ್ನೇಡೋ ಬಳಸಿದ್ದೆ ಅಂತ ಬಹಿರಂಗವಾಗಿ ಹೇಳಿದರು. ಯುದ್ಧದ ನಡುವೆ ಯಾರು ಯಾರಿಗೆ ಕೊಟ್ಟರು ಅನ್ನುವುದು ಜೀವದ ಪ್ರಶ್ನೆ, ಅದು ಸರಿಯಾದ ಬಳಕೆಯೇ.

ಕೋರ್ಟುಗಳ ಮಾತು ಬೇಗ ಹೇಳಿ ಮುಗಿಸುತ್ತೇನೆ. ಟೊರ್ನೇಡೋವನ್ನು ಬರೆದವರಲ್ಲಿ ಒಬ್ಬನಾದ ಅಲೆಕ್ಸೆ ಪರ್ಟ್ಸೆವ್‌ಗೆ 2024ರ ಮೇನಲ್ಲಿ ನೆದರ್ಲೆಂಡ್ಸ್ ಕೋರ್ಟು 64 ತಿಂಗಳ ಶಿಕ್ಷೆ ಕೊಟ್ಟಿತು. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು ಯಾರೂ ಬದಲಿಸಲಾಗದ ಪ್ರೋಗ್ರಾಮ್ ಯಾರ ಆಸ್ತಿಯೂ ಅಲ್ಲ, ಅದರ ಮೇಲೆ ನಿರ್ಬಂಧ ಹೇರುವ ಅಧಿಕಾರ ಸರ್ಕಾರಕ್ಕಿಲ್ಲ ಅಂದಿತು, 2025ರ ಮಾರ್ಚ್‌ನಲ್ಲಿ ನಿರ್ಬಂಧ ತೆರವಾಯಿತು. ಆದರೂ 2025ರ ಆಗಸ್ಟ್‌ನಲ್ಲಿ ಅದನ್ನು ಬರೆದವರಲ್ಲಿ ಇನ್ನೊಬ್ಬನಾದ ರೋಮನ್ ಸ್ಟಾರ್ಮ್ ಪರವಾನಗಿ ಇಲ್ಲದೆ ಹಣ ರವಾನೆ ವ್ಯವಹಾರ ನಡೆಸುವ ಸಂಚಿನ ಆರೋಪದಲ್ಲಿ ತಪ್ಪಿತಸ್ಥ ಅಂತಾಯಿತು, ಉಳಿದ ಎರಡು ಆರೋಪಗಳಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಜನರ ಹಣ ಕೈಗೆ ತಗೊಂಡು, ಅದು ಕಳ್ಳಮಾಲು ಅಂತ ಗೊತ್ತಿದ್ದೂ ಕಮಿಷನ್ ತಿಂದವನಿಗೆ ಶಿಕ್ಷೆ ಆಗಲೇಬೇಕು. ಕೋಡ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟವನನ್ನು ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯ ಅಲ್ಲ.

ನಡುವಿನ ದಾರಿ ಇಲ್ವಾ? ಇದೆ, ನನಗೆ ನಿಜವಾಗಿ ಆಸೆ ಹುಟ್ಟಿಸಿರುವುದು ಅದೇ. 2023ರಲ್ಲಿ ಬುಟೆರಿನ್ ಮತ್ತು ಸಂಗಡಿಗರು ಪ್ರೈವಸಿ ಪೂಲ್ಸ್ ಅನ್ನುವ ವಿಚಾರ ಮುಂದಿಟ್ಟರು. ನಾನು ಯಾರು ಅಂತ ಹೇಳುವುದಿಲ್ಲ, ಆದರೆ ಕಳುವಾದದ್ದು ಅಂತ ಗೊತ್ತಿರುವ ಜಮೆಗಳಲ್ಲಿ ನನ್ನದು ಇಲ್ಲ ಅಂತ ಸಾಬೀತು ಮಾಡುತ್ತೇನೆ ಅನ್ನುವುದು ಅದರ ಸಾರ. ಗುಟ್ಟು ಕಾಪಾಡಲೆಂದೇ ಮಾಡಿದ ಝೀಕ್ಯಾಶ್, ಮೊನೆರೋ ನಾಣ್ಯಗಳಲ್ಲೂ ನೋಡಲು ಮಾತ್ರ ಬರುವ ಕೀಲಿ ಇದೆ, ಅದನ್ನು ನಿಮ್ಮ ಸಿಎಗೆ ಕೊಟ್ಟರೆ ಅವರು ಲೆಕ್ಕ ನೋಡಬಹುದು, ಹಣ ತೆಗೆಯಲಾರರು. ಗುಟ್ಟು ಯಾರಿಂದ ಅನ್ನುವ ಪ್ರಶ್ನೆಗೆ ಗಣಿತವೇ ಉತ್ತರ ಕೊಡುತ್ತಿದೆ.

"ಸರ್, ಇಂಡಿಯಾದಾಗ ಮಿಕ್ಸರ್ ಬಳಸಿದ್ರ ಏನಾಕ್ಕೈತ್ರೀ?" ಇದನ್ನು ಕೇಳಿದವರು ಮೂರ್ನಾಲ್ಕು ಜನ.

ಬಳಸಬೇಡಿ. 2023ರ ಮಾರ್ಚ್ 7ರಿಂದ ಕ್ರಿಪ್ಟೋ ಎಕ್ಸ್‌ಚೇಂಜುಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಅಡಿಗೆ ಬಂದಿವೆ. ಅವು ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿ, ಅನುಮಾನ ಬಂದ ವ್ಯವಹಾರವನ್ನು ವರದಿ ಮಾಡಬೇಕು. ಮಿಕ್ಸರ್‌ನಿಂದ ಬಂದ ಹಣ ನಿಮ್ಮ ಖಾತೆಗೆ ಬಿದ್ದರೆ ಅವರ ಸಾಫ್ಟ್‌ವೇರ್ ಮೊದಲು ಕೆಂಪು ಗುರುತು ಹಾಕುತ್ತದೆ, ಆಮೇಲೆ ಇದು ಎಲ್ಲಿಂದ ಬಂತು ಅಂತ ನೀವೇ ತೋರಿಸಬೇಕು, ತೋರಿಸುವ ಜಾಡನ್ನು ನೀವೇ ಅಳಿಸಿಕೊಂಡಿರುತ್ತೀರಿ. ಪ್ರಾಮಾಣಿಕ ಮನುಷ್ಯನಿಗೆ ಇದು ಭಾರೀ ಫಜೀತಿ. ಲಾಭದ ಮೇಲೆ 30 ಪರ್ಸೆಂಟ್ ತೆರಿಗೆ, 2022ರ ಜುಲೈನಿಂದ ವರ್ಗಾವಣೆಯ ಮೇಲೆ 1 ಪರ್ಸೆಂಟ್ ಟಿಡಿಎಸ್. ಜಾಸ್ತಿ ಅನಿಸಬಹುದು, ನನಗೂ ಅನಿಸುತ್ತದೆ. ಆದರೂ ಕಟ್ಟಿ.

ಹಾಗಾದರೆ ಆ ಲೋಗೋ ಹುಡುಗಿ ಏನು ಮಾಡಬೇಕು? ಗಿರಾಕಿಗೊಂದು ವಿಳಾಸ ಇಟ್ಟುಕೊಳ್ಳಲಿ. ಟ್ರಾನ್‌ನಲ್ಲಿ ಶುಲ್ಕಕ್ಕೆ ಅದರದೇ ನಾಣ್ಯ ಟಿಆರ್‌ಎಕ್ಸ್ ಬೇಕು, ಅದನ್ನು ತನ್ನ ಹಳೆಯ ವಿಳಾಸದಿಂದ ಹೊಸದಕ್ಕೆ ಹಾಕದೆ ನೇರವಾಗಿ ಎಕ್ಸ್‌ಚೇಂಜಿನಿಂದ ಹಾಕಲಿ, ಇಲ್ಲವಾದರೆ ಗ್ಯಾಸಿನ ಕಥೆಯೇ ಇಲ್ಲೂ. ಉಳಿತಾಯದ ವಿಳಾಸ ಯಾವ ಬಿಲ್ಲಿನ ಮೇಲೂ ಬರದಿರಲಿ. ಇನ್‌ಸ್ಟಾಗ್ರಾಂ ಬಯೋದಲ್ಲಿ ವಿಳಾಸ ಹಾಕುವುದಂತೂ ಬೇಡವೇ ಬೇಡ. ಎಕ್ಸ್‌ಚೇಂಜಿಗೆ ಅವಳು ಗೊತ್ತು, ತೆರಿಗೆ ಇಲಾಖೆಗೆ ಗೊತ್ತು, ಗಿರಾಕಿಗೆ ಅವನು ಕೊಟ್ಟ 200 ಮಾತ್ರ ಗೊತ್ತು. ಅವಳಿಗೆ ಬೇಕಾದದ್ದೂ ಅಷ್ಟೇ.

ಇನ್ನೊಂದು ಮಾತು, ಇದು ಮಿಕ್ಸರ್‌ಗಿಂತ ನಮ್ಮ ಜಿಲ್ಲೆಗೆ ಹತ್ತಿರದ್ದು. ನಿನ್ನ ಬ್ಯಾಂಕ್ ಖಾತೆಗೆ ಹಣ ಬರುತ್ತೆ, ಅದರಲ್ಲಿ ಯುಎಸ್‌ಡಿಟಿ ಕೊಂಡು ಈ ವಿಳಾಸಕ್ಕೆ ಕಳಿಸು, ಕಮಿಷನ್ ಕೊಡ್ತೀನಿ ಅಂತ ಟೆಲಿಗ್ರಾಂನಲ್ಲಿ ಯಾರಾದರೂ ಹೇಳಿದರೆ, ಅವರು ನಿಮ್ಮನ್ನೇ ಮಿಕ್ಸರ್ ಮಾಡುತ್ತಿದ್ದಾರೆ. ಆ ಹಣ ಯಾರೋ ಮೋಸಹೋದ ತಾಯಿಯದ್ದು, ನಿವೃತ್ತ ಮಾಸ್ತರರದ್ದು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟ ಕೂಡಲೇ ಪೊಲೀಸರು ಹಣದ ದಾರಿ ಹಿಡಿದು ಬರುತ್ತಾರೆ, ದಾರಿ ನಿಮ್ಮ ಖಾತೆಯಲ್ಲಿ ನಿಂತಿರುತ್ತದೆ. ಖಾತೆ ಫ್ರೀಜ್, ಬೇರೆ ರಾಜ್ಯದ ಠಾಣೆಯಿಂದ ನೋಟಿಸ್. ಕಳಿಸಿದವನು ಸಿಗುವುದಿಲ್ಲ, ನೀವು ಸಿಗುತ್ತೀರಿ. ಪಿ2ಪಿಯಲ್ಲಿ, ಅಂದರೆ ವ್ಯಕ್ತಿಯಿಂದ ವ್ಯಕ್ತಿಗೆ ನೇರ ಮಾರಾಟದಲ್ಲಿ, ಗೊತ್ತಿಲ್ಲದವರಿಗೆ ಯುಎಸ್‌ಡಿಟಿ ಮಾರಿ ಅವರ ಹಣ ಖಾತೆಗೆ ಹಾಕಿಸಿಕೊಂಡವರಿಗೂ ಇದೇ ಗತಿ ಬಂದಿದೆ, ಅವರಲ್ಲಿ ಎಷ್ಟೋ ಜನ ಯಾವ ತಪ್ಪೂ ಮಾಡದವರು.

ಕೊನೆಗೆ ಫೈನಲ್ ಇಯರ್ ಹುಡುಗಿಯೊಬ್ಬಳು ಕೇಳಿದಳು: "ಸರ್, ನಾವು ಪ್ರಾಜೆಕ್ಟಿಗೆ ಮಿಕ್ಸರ್ ಕೋಡ್ ಬರೀಬಹುದೇನ್ರೀ?"

ಖಂಡಿತ ಬರೀವಾ. ಟೆಸ್ಟ್‌ನೆಟ್ ಮೇಲೆ, ಅಂದರೆ ಪ್ರಯೋಗಕ್ಕೆಂದೇ ಇರುವ ಜಾಲದ ಮೇಲೆ ಬರಿ, ಅಲ್ಲಿಯ ಈಥರ್‌ಗೆ ಬೆಲೆ ಇಲ್ಲ. ಬೇರೆಯವರ ನಿಜವಾದ ಹಣ ಮಾತ್ರ ಮುಟ್ಟಬೇಡ. ಟೊರ್ನೇಡೋ ಕೋಡ್ ಓದಲು ಸಿಗುತ್ತದೆ, ಅದರ ಮೇಲೆ ಪ್ರೈವಸಿ ಪೂಲ್ಸ್‌ನ ಭಾಗ ಸೇರಿಸಲು ಪ್ರಯತ್ನ ಮಾಡಿ. ಬರೆದಾದ ಮೇಲೆ ಕ್ಲಾಸಿನವರಿಂದಲೇ ಜಮೆ ಮಾಡಿಸಿ, ತೆಗೆಸಿ, ಆಮೇಲೆ ಪಕ್ಕದ ಬೆಂಚಿನವರಿಗೆ ಬರೀ ಸಮಯದ ಪಟ್ಟಿ ಕೊಟ್ಟು, ಯಾರದ್ದು ಯಾವುದು ಅಂತ ಎಷ್ಟು ಜೋಡಿ ಹಿಡಿಯುತ್ತಾರೆ ನೋಡಿ. ಆ ಫಲಿತಾಂಶ ನನಗೂ ಕಳಿಸಿ.